ಕೆಂಚ ಹೋದ ಮೇಲೆ ಬರೆದಿಟ್ಟ ಲೆಕ್ಕ

ವಾಷಿಂಗ್ ಮೆಷಿನ್ ರಿಪೇರಿಗೆ ಬಂದ ಹುಡುಗ ಅದನ್ನು ಗೋಡೆಯಿಂದ ಮುಂದಕ್ಕೆ ಎಳೆದ. ಹಿಂದಿನಿಂದ ಒಂದು ಹಳದಿ ಚೆಂಡು ಉರುಳಿಕೊಂಡು ಬಂತು. ಅರ್ಧ ಕಚ್ಚಿ ಹಾಕಿದ್ದು, ಮೈತುಂಬ ಧೂಳು. ಎರಡು ವರ್ಷದ ಹಿಂದೆ ಕಳೆದುಹೋಗಿದ್ದ ಕೆಂಚನ ಚೆಂಡು. ಹುಡುಗ ಅದನ್ನು ಎತ್ತಿ ನನ್ನ ಕೈಗೆ ಕೊಡುತ್ತಾ ಸೀನಿದ. ಒಂದು, ಎರಡು, ಮೂರು.

ಕೆಂಚ ನಮ್ಮ ನಾಯಿ. ಹೊರಗೆ ಹೊರಡಲು ಚೈನ್ ಕೈಗೆ ತೆಗೆದುಕೊಂಡರೆ ಸಾಕು, ಖುಷಿಗೆ ಸೀನುತ್ತಿದ್ದ. ಯಾವಾಗಲೂ ಮೂರೇ ಸಲ.

ಅವತ್ತು 2025ರ ಜನವರಿ 9. ಕೆಂಪು ಮೈಯ ಆ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ತಂದದ್ದು 2012ರ ಜನವರಿ 9ರಂದು. ಸಾಲದ್ದಕ್ಕೆ ಅವತ್ತು ಗುರುವಾರ ಬೇರೆ. ಅವನು ಹೋದದ್ದೂ ಗುರುವಾರವೇ, 2024ರ ಅಕ್ಟೋಬರ್ 17.

ನಾನು ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ತಿರುಗಿಸಿ, ಅತ್ತೆ. ಪಾಪ, ಆ ಹುಡುಗ ರಿಪೇರಿ ಖರ್ಚಿಗೆ ಹೆದರಿ ಅಳ್ತಿದ್ದಾರೆ ಅಂದುಕೊಂಡಿರಬೇಕು.

ಇಂಥದ್ದನ್ನೆಲ್ಲ ನಾನು ಒಂಬತ್ತು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಏಕೆ ಬರೆದೆ, ಹೇಗೆ ಬರೆದೆ, ಕೊನೆಗೆ ಅದರಲ್ಲಿ ಏನು ಕಂಡಿತು, ಅದನ್ನು ಹೇಳುತ್ತೇನೆ. ಮನೆಯ ನಾಯಿಯನ್ನು ಕಳೆದುಕೊಂಡವರು ಇದನ್ನು ಓದುತ್ತಿದ್ದರೆ, ನಿಮ್ಮ ಹತ್ತಿರವೂ ಇಂಥ ಒಂದೆರಡು ಕಥೆ ಇದ್ದೇ ಇರುತ್ತೆ, ಅಲ್ವಾ? ಯಾರಿಗೂ ಹೇಳಿರುವುದಿಲ್ಲ, ಅಷ್ಟೇ.

ಮೊದಲು ಆ ರಾತ್ರಿಯ ವಿಷಯ.

ಕೆಂಚನಿಗೆ ಕೊನೆಯ ಎರಡು ವರ್ಷ ಹೃದಯದ ತೊಂದರೆ ಇತ್ತು. ವಯಸ್ಸಾದ ಕೆಲವು ನಾಯಿಗಳಲ್ಲಿ ಹೃದಯದ ಎಡಭಾಗದ ಕವಾಟ ದಪ್ಪವಾಗುತ್ತದೆ, ಸರಿಯಾಗಿ ಮುಚ್ಚುವುದಿಲ್ಲ. ರಕ್ತ ಹಿಂದಕ್ಕೆ ಸೋರುತ್ತದೆ. ಹೃದಯ ಹಿಗ್ಗುತ್ತದೆ. ಕೊನೆಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಒಂಬತ್ತಕ್ಕೊಂದು, ರಾತ್ರಿ ಒಂಬತ್ತಕ್ಕೊಂದು ಪಿಮೊಬೆಂಡಾನ್ ಮಾತ್ರೆ. ಜೊತೆಗೆ ಮೈಯ ನೀರು ಇಳಿಸುವ ಫ್ಯೂರೋಸಮೈಡ್. ಡಾಕ್ಟರು ಒಂದು ಕೆಲಸ ಕಲಿಸಿಕೊಟ್ಟಿದ್ದರು. ಅವನು ಚೆನ್ನಾಗಿ ನಿದ್ದೆ ಹೋದಾಗ, ನಿಮಿಷಕ್ಕೆ ಎಷ್ಟು ಸಲ ಎದೆ ಏರಿ ಇಳಿಯುತ್ತದೆ ಎಂದು ಎಣಿಸುವುದು. 30ರ ಒಳಗಿದ್ದರೆ ಸರಿ. ಅದಕ್ಕಿಂತ ಮೇಲೆ ಹೋದರೆ ಫೋನ್ ಮಾಡಬೇಕು.

ಆ ಬುಧವಾರ ರಾತ್ರಿ 38 ಇತ್ತು. ಬೆಳಿಗ್ಗೆ ನೋಡೋಣ ಅಂದುಕೊಂಡೆ.

ಬೆಳಗಿನ ಜಾವ ಎಣಿಸಿದಾಗ 52. ಓಡಿದೆವು. ಆಕ್ಸಿಜನ್ ಇಟ್ಟರು, ಇಂಜೆಕ್ಷನ್ ಕೊಟ್ಟರು, ಉಸಿರು ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನನ್ನು ನೋವಿಲ್ಲದೆ ಕಳಿಸಿಕೊಡೋಣ ಎಂದು ಒಪ್ಪಿಕೊಂಡೆವು. ಮೊದಲು ಮಂಪರು ಬರುವ ಇಂಜೆಕ್ಷನ್, ಆಮೇಲೆ ಕೊನೆಯದು. ಕಣ್ಣು ಮುಚ್ಚಿಕೊಳ್ಳಲಿಲ್ಲ. ಸಾಮಾನ್ಯವಾಗಿ ಮುಚ್ಚಿಕೊಳ್ಳುವುದಿಲ್ಲವಂತೆ. ಎಲ್ಲ ಮುಗಿದು ಒಂದು ನಿಮಿಷ ಆಗಿರಬೇಕು, ದೊಡ್ಡದೊಂದು ಉಸಿರು ಎಳೆದ. "ಬದುಕಿದ್ದಾನೆ ಡಾಕ್ಟ್ರೇ!" ಎಂದು ಕೂಗಿಬಿಟ್ಟೆ. ಹೃದಯ ನಿಂತ ಮೇಲೂ ಸ್ನಾಯುಗಳು ಕೆಲವೊಮ್ಮೆ ಹೀಗೆ ಎಳೆಯುತ್ತವೆ ಎಂದು ಅವರು ಮೆಲ್ಲಗೆ ಹೇಳಿದರು. ಮೊದಲೇ ಗೊತ್ತಿದ್ದರೆ ಅಷ್ಟು ಬೆಚ್ಚುತ್ತಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವನು ಹೋಗಿ ಎಂಟು ದಿನಕ್ಕೆ ಮೊದಲನೆಯದು ಆಯಿತು. ಅವನ ವಿಡಿಯೋಗಳಿಗಾಗಿ ಡ್ರಾಯರ್‌ನಲ್ಲಿದ್ದ ಹಳೇ ಫೋನನ್ನು ಚಾರ್ಜಿಗೆ ಹಾಕಿದ್ದೆ. ಒಂದು ವಿಡಿಯೋದಲ್ಲಿ ಅವನು ಮಾತ್ರೆ ನುಂಗಿದಂತೆ ನಾಟಕ ಮಾಡುತ್ತಾನೆ, ಆಮೇಲೆ ಸೋಫಾ ಹಿಂದೆ ಹೋಗಿ ಉಗಿಯುತ್ತಾನೆ. ಅವನು ಉಗಿಯುವುದಕ್ಕೂ ಫೋನ್ ಕಿರುಚಿಕೊಳ್ಳುವುದಕ್ಕೂ ಸರಿಹೋಯಿತು. ಪರದೆಯ ಮೇಲೆ ಎರಡೇ ಪದ: 'ಕೆಂಚನ ಮಾತ್ರೆ'.

ಹೊಸ ಫೋನಿನ ಅಲಾರಂ ಅಳಿಸಿದ್ದೆ. ಹಳೆಯದರಲ್ಲಿ ಅದು ಹಾಗೇ ಉಳಿದಿತ್ತು. ಗಂಟೆ ಒಂಬತ್ತಾಗಿತ್ತು. ವಿಷಯ ಇಷ್ಟೇ. ಆದರೆ ಆ ಕ್ಷಣದಲ್ಲಿ ನನಗೆ ಅದು ಇಷ್ಟೇ ಆಗಿರಲಿಲ್ಲ. ಎಂಟು ದಿನದಲ್ಲಿ ಮೊದಲ ಸಲ ನಕ್ಕೆ.

ತಂಗಿಗೆ ಫೋನ್ ಮಾಡಿದೆ. ಅವಳು ಗಣಿತ ಟೀಚರ್. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. "ಅಕ್ಕಾ, ಒಂದು ನೋಟ್‌ಬುಕ್ ತಗೊಂಡು ಬರೆದಿಡು" ಎಂದಳು. "ಆದರೆ ಒಂದು ಷರತ್ತು. ಆಗದೇ ಇದ್ದದ್ದನ್ನೂ ಬರಿ."

ಹಾಗೆ ಶುರುವಾಯಿತು. ಎಡಗಡೆ ಪುಟದಲ್ಲಿ ಆದದ್ದು: ದಿನ, ಹೊತ್ತು, ಏನು ನಡೆಯಿತು. ಬಲಗಡೆ ಪುಟದಲ್ಲಿ ಆಗದ್ದು. ಅಂದರೆ ಅವನನ್ನು ನೆನೆಸಿಕೊಂಡು ಏನಾದರೂ ಗುರುತು ಸಿಗಬಹುದೇನೋ ಎಂದು ಕಾದು, ಏನೂ ಸಿಗದ ಹೊತ್ತು. ಎಡಪುಟ ತುಂಬುವುದು ಸುಲಭ. ಬಸ್ಸಿನಲ್ಲಿ ಹಿಂದಿನ ಸೀಟಿನ ಅಜ್ಜಿ ಮೊಮ್ಮಗನನ್ನು "ಕೆಂಚಾ, ಕೂತ್ಕೋ" ಎಂದು ಗದರಿಸಿದ್ದು. ಅವನ ಬಟ್ಟಲು ಒಳಗಿಡಬೇಕು ಎಂದು ಎತ್ತಿಕೊಂಡಾಗಲೇ ಕರೆಂಟ್ ಹೋದದ್ದು. ಬಲಪುಟ ಬರೆಯುವುದು ಕಷ್ಟ. ಕೈ ಏಳುವುದಿಲ್ಲ. 'ಸಂಜೆ ಗೇಟಿನ ಹತ್ತಿರ ಅರ್ಧ ಗಂಟೆ ನಿಂತೆ. ಏನೂ ಇಲ್ಲ' ಎಂದು ಬರೆಯಲು ಯಾರಿಗೆ ಮನಸ್ಸು ಬರುತ್ತೆ?

ಜನವರಿಯ ಚೆಂಡಿನ ಕಥೆ ಹೇಳಿದಾಗ ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು:

"ಮೆಷಿನ್ ಹಿಂದೆ ಧೂಳಿತ್ತಾ?"

"ಇತ್ತು."

"ಆ ಹುಡುಗ ಎರಡೇ ಸಲ ಸೀನಿದ್ದರೆ?"

ಯೋಚಿಸಿದೆ. "ಸೀನಿದ್ದೇ ದೊಡ್ಡದು ಅಂತಿದ್ದೆ."

ಆಮೇಲೆ ಅವಳು ದಿನಗಳ ಲೆಕ್ಕ ತೆಗೆದಳು. ನನಗೆ ಎಲ್ಲ ಗುರುವಾರಗಳೂ ವಿಶೇಷ, ವರ್ಷಕ್ಕೆ 52. ಪ್ರತಿ ತಿಂಗಳ 17 ವಿಶೇಷ, ಅದು 12. ಅವನು ಮನೆಗೆ ಬಂದ 9ನೇ ತಾರೀಖೂ ವಿಶೇಷ, ಇನ್ನೊಂದು 12. ಎರಡೆರಡು ಸಲ ಎಣಿಸಿದ್ದನ್ನು ಕಳೆದರೂ ಎಪ್ಪತ್ತರ ಮೇಲೆ ಉಳಿಯುತ್ತದೆ. "ಐದು ದಿನಕ್ಕೊಂದು ಹಬ್ಬ ಇಟ್ಟುಕೊಂಡಿದ್ದೀಯಲ್ಲ ಅಕ್ಕಾ, ಏನೇ ಆದರೂ ಒಂದಲ್ಲ ಒಂದಕ್ಕೆ ತಾಗುತ್ತೆ."

ಅವಳೇ ಹೇಳಿದ ಇನ್ನೊಂದು ಲೆಕ್ಕ ಕೇಂಬ್ರಿಡ್ಜಿನ ಗಣಿತಜ್ಞ ಲಿಟಲ್‌ವುಡ್ ಅವರ ಹೆಸರಿನಲ್ಲಿದೆ. ದಿನಕ್ಕೆ ಎಂಟು ಗಂಟೆ ನಾವು ಚುರುಕಾಗಿರುತ್ತೇವೆ ಎನ್ನಿ. ಸೆಕೆಂಡಿಗೊಂದು ಏನಾದರೂ ಕಣ್ಣಿಗೋ ಕಿವಿಗೋ ಬೀಳುತ್ತದೆ. ದಿನಕ್ಕೆ 28,800 ಆಯಿತು. 35 ದಿನಕ್ಕೆ ಹತ್ತು ಲಕ್ಷ ದಾಟುತ್ತದೆ. ಅಂದರೆ ಹತ್ತು ಲಕ್ಷಕ್ಕೊಮ್ಮೆ ಆಗುವಂಥ ಪವಾಡ ಹೆಚ್ಚುಕಮ್ಮಿ ತಿಂಗಳಿಗೊಂದು ಆಗಬೇಕು.

"ಹಾಗಾದ್ರೆ ಈ ತಿಂಗಳ ಪಾಳಿ ಕೆಂಚನದು ಅನ್ನು" ಎಂದೆ. ಅವಳು ವಾದ ಮಾಡಲಿಲ್ಲ.

ನಮ್ಮಲ್ಲಿ ಮಾತೇ ಇದೆಯಲ್ಲ, ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು. ಕಾಕತಾಳೀಯ ಎನ್ನುವ ಪದದೊಳಗೂ ಒಂದು ಕಾಗೆ, ಒಂದು ತಾಳೆ ಹಣ್ಣು ಕೂತಿವೆ. ಕಾಗೆಯ ಭಾರಕ್ಕೆ ಹಣ್ಣು ಬೀಳಲಿಲ್ಲ ಎಂದು ತಿಳಿಸಲು ಹುಟ್ಟಿದ ಮಾತು ಅದು. ಆದರೆ ಕೆಳಗೆ ಹಸಿದು ನಿಂತವನಿಗೆ ಹಣ್ಣು ಸಿಕ್ಕಿದ್ದು ಸುಳ್ಳಲ್ಲವಲ್ಲ! ಆ ದಿನಗಳಲ್ಲಿ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇದೇ ವಾದ.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಇಂಥ ಕಾಕತಾಳೀಯಗಳ ಬಗ್ಗೆ ತುಂಬ ತಲೆ ಕೆಡಿಸಿಕೊಂಡಿದ್ದವರು. 1952ರಲ್ಲಿ ಅದರ ಬಗ್ಗೆ ದೊಡ್ಡ ಬರಹವನ್ನೇ ಪ್ರಕಟಿಸಿದರು. ಅವರು ಹೇಳುವ ಒಂದು ಘಟನೆ ಪ್ರಸಿದ್ಧ. ಒಬ್ಬಾಕೆ ಚಿನ್ನದ ಜೀರುಂಡೆಯ ಕನಸು ಹೇಳುತ್ತಿರುವಾಗ ಕಿಟಕಿ ಗಾಜಿಗೆ ಏನೋ ಟಕ್ ಟಕ್ ಎಂದು ಬಡಿಯಿತು. ಕಿಟಕಿ ತೆರೆದರೆ ಹೊಳೆಯುವ ಒಂದು ಜೀರುಂಡೆ. ಯೂಂಗ್ ಅದನ್ನು ಹಿಡಿದು ಆಕೆಯ ಕೈಗೇ ಕೊಟ್ಟರು. ಅವರ ಸಿದ್ಧಾಂತ ನನಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಆ ಹುಳವನ್ನು ಹಿಡಿದು ಕೊಟ್ಟದ್ದು ಮಾತ್ರ ಇಷ್ಟವಾಯಿತು.

ಶಬ್ದಗಳ ವಿಷಯ ಬೇರೆ. ರಾತ್ರಿ ನೆಲದ ಮೇಲೆ ಅವನ ಉಗುರಿನ ಟಿಕ್ ಟಿಕ್ ಕೇಳುತ್ತಿತ್ತು. ಮೊದಲ ತಿಂಗಳಂತೂ ದಿನಾ. ತಲೆ ಕೆಟ್ಟಿತೇನೋ ಎಂದು ಹೆದರಿದ್ದೆ. ಆಮೇಲೆ ಗೊತ್ತಾಯಿತು, ವೇಲ್ಸ್‌ನಲ್ಲಿ ರೀಸ್ ಎಂಬ ವೈದ್ಯರು ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಕೇಳಿ 1971ರಲ್ಲಿ ಬರೆದಿದ್ದಾರೆ. ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ಹೋದವರು ಹತ್ತಿರವೇ ಇದ್ದಂತೆ ಅನಿಸಿತ್ತು, ಇಲ್ಲವೇ ಅವರು ಕಂಡಿದ್ದರು, ದನಿ ಕೇಳಿಸಿತ್ತು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ. ಅದನ್ನು ಓದಿದ ಮೇಲೆ ನಾನು ಟಿಕ್ ಟಿಕ್ ಕೇಳಿದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ನೋಟ್‌ಬುಕ್ಕಿಗೆ ಅದನ್ನು ಸೇರಿಸಲಿಲ್ಲ.

ಒಂದು ಸಲ ಇದು ಅತಿಯಾಯಿತು. ಫೆಬ್ರವರಿಯಲ್ಲಿ ಕೆಲಸಕ್ಕೆ ಹೋಗುವಾಗ ಕೆಂಪು ನಾಯಿಯೊಂದು ಅಡ್ಡ ಬಂದು ನಿಂತು ನನ್ನನ್ನೇ ನೋಡಿತು. ಮನೆಗೆ ವಾಪಸ್ ಹೋಗು ಅಂತಿದ್ದಾನೆ ಎಂದು ಗಾಡಿ ತಿರುಗಿಸಿಬಿಟ್ಟೆ. ಮನೆಯಲ್ಲಿ ಏನೂ ಆಗಿರಲಿಲ್ಲ. ಮುಖ್ಯವಾದ ಮೀಟಿಂಗ್ ತಪ್ಪಿತು. ಅವತ್ತೇ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದುಕೊಂಡೆ: ಸಮಾಧಾನಕ್ಕೆ ಸರಿ, ತೀರ್ಮಾನಕ್ಕೆ ಬೇಡ. ಗುರುತು ಕೊಡು ಎಂದು ಕೇಳಿಕೊಂಡು ಕಾಯುವುದನ್ನೂ ಅವತ್ತೇ ಬಿಟ್ಟೆ. ಕಾದಾಗ ಏನೂ ಬರದಿದ್ದರೆ ಅವನು ಎರಡನೇ ಸಲ ಹೋದಂತೆ ಆಗುತ್ತಿತ್ತು.

ಬದಲಿಗೆ ಇನ್ನೊಂದು ಕೆಲಸ ಶುರುಮಾಡಿದೆ. ಏನಾದರೂ ನಡೆದಾಗ, ಅದಕ್ಕೆ ಸ್ವಲ್ಪ ಮುಂಚೆ ನಾನು ಏನು ಯೋಚಿಸುತ್ತಿದ್ದೆ ಎಂದು ಪಕ್ಕದಲ್ಲಿ ಒಂದು ಸಾಲು. ಇದು ತಂಗಿಯ ಸಲಹೆಯಲ್ಲ, ನನ್ನದೇ. ಹಳೆಯದಕ್ಕೂ ನೆನಪಿದ್ದಷ್ಟು ಸೇರಿಸಿದೆ. ಮಾರ್ಚ್ ಕೊನೆಯಲ್ಲಿ ಒಂದು ಭಾನುವಾರ ಕೂತು ಮೊದಲಿನಿಂದ ಓದಿದೆ. ಆದದ್ದು 41, ಆಗದ್ದು 96. ಆ 41ರಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಪಕ್ಕದ ಸಾಲಿನಲ್ಲಿ ಒಂದೇ ಅಂಕಿ ಇತ್ತು.

38. 38. ಆ ರಾತ್ರಿ 38. ಫೋನ್ ಮಾಡಬೇಕಿತ್ತು, 38.

ಇಷ್ಟು ದಿನ ನಾನು ಅವನು ಎಲ್ಲಿದ್ದಾನೆ ಎಂದು ಹುಡುಕುತ್ತಿದ್ದೇನೆ ಅಂದುಕೊಂಡಿದ್ದೆ. ನಾನು ಕೇಳುತ್ತಿದ್ದದ್ದು ಬೇರೆಯೇ. ಕೋಪ ಇದೆಯಾ ಕೆಂಚಾ, ಅಂತ. ಚೆಂಡು, ಅಲಾರಂ, ಬಸ್ಸಿನ ಅಜ್ಜಿ, ಎಲ್ಲರ ಬಾಯಲ್ಲೂ 'ಇಲ್ಲ' ಅನ್ನಿಸಿಕೊಳ್ಳುತ್ತಿದ್ದೆ. ಮಾರನೇ ದಿನಕ್ಕೆ ಅದು ಸಾಲುತ್ತಿರಲಿಲ್ಲ.

ಅದಕ್ಕೆ ಉತ್ತರ ಗೊತ್ತಿದ್ದವರು ಒಬ್ಬರೇ. ಏಪ್ರಿಲ್‌ನಲ್ಲಿ ಡಾಕ್ಟರ ಹತ್ತಿರ ಹೋದೆ. ಬಾಗಿಲು ದಾಟುವುದೇ ದೊಡ್ಡ ಕೆಲಸವಾಯಿತು, ಆ ವಾಸನೆಗೇ ಕಾಲು ನಡುಗಿತು. "ಆ ರಾತ್ರಿಯೇ ಕರೆದುಕೊಂಡು ಬಂದಿದ್ದರೆ?" ಎಂದು ನೇರವಾಗಿ ಕೇಳಿದೆ. ಅವರು ಫೈಲ್ ತೆಗೆದು ಎಕ್ಸ್‌ರೇ ತೋರಿಸಿದರು. ಹೃದಯ ಹಿಗ್ಗಿ ಶ್ವಾಸನಾಳವನ್ನೇ ಮೇಲಕ್ಕೆ ತಳ್ಳಿತ್ತು. "ಒಂದು ವಾರ ಸಿಗುತ್ತಿತ್ತೇನೋ. ಇಂಥದೇ ರಾತ್ರಿಗಳ ಒಂದು ವಾರ" ಎಂದರು. ನಿಮ್ಮದೇನೂ ತಪ್ಪಿಲ್ಲ ಎಂದು ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ. ಆ ಒಂದು ವಾರವನ್ನು ಮಾತ್ರ ನಂಬಿದೆ. ಅವತ್ತು ಮನೆಗೆ ಬಂದು ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ನಿದ್ದೆ ಮಾಡಿದೆ. ನಿಮ್ಮ ಮನಸ್ಸಿನಲ್ಲೂ ಇಂಥ ಒಂದು ಅಂಕಿ ಕೊರೆಯುತ್ತಿದ್ದರೆ, ಹೋಗಿ ಕೇಳಿ.

"ಒಂದು ನಾಯಿಗೆ ಇಷ್ಟೊಂದಾ?" ಎಂದವರೂ ಇದ್ದರು. ಅಂಥವರಿಗೆ ಉತ್ತರ ಕೊಡುವ ಶಕ್ತಿ ಆಗ ಇರಲಿಲ್ಲ. ಈಗ ಒಂದು ವಿಷಯ ಹೇಳುತ್ತೇನೆ. ಜರ್ಮನಿಯ ಬಾನ್ ನಗರದ ಹತ್ತಿರ 1914ರಲ್ಲಿ ಒಂದು ಸಮಾಧಿ ಸಿಕ್ಕಿತು, ಸುಮಾರು 14,000 ವರ್ಷ ಹಳೆಯದು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಆರೇಳು ತಿಂಗಳ ನಾಯಿಮರಿ. ಅದರ ಹಲ್ಲು ಪರೀಕ್ಷಿಸಿದವರು ಆ ಮರಿಗೆ ಡಿಸ್ಟೆಂಪರ್ ಎಂಬ ನಾಯಿಗಳ ಸೋಂಕು ರೋಗ ಬಂದಿರಬೇಕು ಎನ್ನುತ್ತಾರೆ. ಯಾರೋ ವಾರಗಟ್ಟಲೆ ಆರೈಕೆ ಮಾಡದಿದ್ದರೆ ಅಷ್ಟು ದಿನವೂ ಅದು ಉಳಿಯುತ್ತಿರಲಿಲ್ಲ. ಅವರೂ ರಾತ್ರಿ ಪಕ್ಕದಲ್ಲಿ ಕೂತು ಅದರ ಉಸಿರು ನೋಡಿರುತ್ತಾರೆ.

ಡಾಕ್ಟರನ್ನು ಕಂಡು ಬಂದ ಮೇಲೆ ಎಡಪುಟ ಖಾಲಿಯಾಗುತ್ತಾ ಬಂತು. ಮೇ ತಿಂಗಳಲ್ಲಿ ಎರಡು. ಜೂನ್‌ನಲ್ಲಿ ಒಂದು, ಅದೂ ಅಂಥಾದ್ದೇನಲ್ಲ. ತಂಗಿ ಇದನ್ನೂ ವಿವರಿಸಿದಳು. ಹುಡುಕುವುದು ಕಮ್ಮಿಯಾದರೆ ಕಾಣುವುದೂ ಕಮ್ಮಿಯಾಗುತ್ತೆ ಎಂದು. ಸರಿ. ಆದರೂ ಆ ಚೆಂಡು, ಆ ದಿನ, ಆ ಮೂರು ಸೀನು! ಅದೊಂದನ್ನು ಲೆಕ್ಕದಿಂದ ಹೊರಗಿಡು ಎಂದು ಅವಳಿಗೆ ಹೇಳಿದ್ದೇನೆ. "ಇಟ್ಟಿದ್ದೀನಿ ಬಿಡಕ್ಕಾ" ಅಂದಿದ್ದಾಳೆ.

2025ರ ಜುಲೈ 17. ಗುರುವಾರವೇ ಬಂದಿತ್ತು. ಎರಡೂ ಒಟ್ಟಿಗೆ. ಇಡೀ ದಿನ ಏನೂ ನಡೆಯಲಿಲ್ಲ. ರಾತ್ರಿ ಒಂಬತ್ತಕ್ಕೆ ಹಳೇ ಫೋನಿನ ಅಲಾರಂ ಹೊಡೆಯಿತು, ಅದು ಲೆಕ್ಕಕ್ಕಿಲ್ಲ. ಅದನ್ನು ನಾನೇ ಅಳಿಸದೆ ಬಿಟ್ಟಿದ್ದೇನೆ. ಮಲಗುವ ಮುಂಚೆ ನೋಟ್‌ಬುಕ್ ತೆಗೆದು ಬಲಪುಟದಲ್ಲಿ ಬರೆದೆ: 'ಏನೂ ಇಲ್ಲ. ಕೆಂಚ ಮಲಗಿರಬೇಕು.'