ಫೋನ್ ಹೋಯಿತು, ಹಣ ಉಳಿಯಿತು: ನನ್ನ ಅನುಭವ

ಕಳೆದ ತಿಂಗಳು ಅಮರಗೋಳದ ಎಪಿಎಂಸಿಯಲ್ಲಿ, ಈರುಳ್ಳಿ ಹರಾಜಿನ ನೂಕುನುಗ್ಗಲಲ್ಲಿ, ನನ್ನ ಫೋನ್ ಕಳುವಾಯಿತು. ಖಾತೆಯಿಂದ ಒಂದು ರೂಪಾಯಿಯೂ ಹೋಗಲಿಲ್ಲ. ನನ್ನ ಮುನ್ನೆಚ್ಚರಿಕೆಗಳನ್ನು ನೋಡಿ ‘ಇಷ್ಟೆಲ್ಲ ಉಸಾಬರಿ ಯಾಕೆ?’ ಎಂದು ಎರಡು ವರ್ಷದಿಂದ ಕೇಳುತ್ತಿದ್ದ ಅಕ್ಕಪಕ್ಕದ ಅಂಗಡಿಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಹೀಗಾಗಿರಲಿಲ್ಲ. ಬಸ್ ನಿಲ್ದಾಣದಲ್ಲಿ, ಪರದೆ ತೆರೆದಿದ್ದಾಗಲೇ ಕೈಯಿಂದ ಕಿತ್ತುಕೊಂಡು ಓಡಿದರು. ಗ್ಯಾಲರಿಯಲ್ಲಿ ಡೆಬಿಟ್ ಕಾರ್ಡಿನ ಫೋಟೊ ಇತ್ತು. ಕಾರ್ಡಿನ ಕೊನೆಯ ಆರು ಅಂಕಿ, ಅವಧಿ, ಜೊತೆಗೆ ಅದೇ ಫೋನಿಗೆ ಬಂದ ಒಟಿಪಿ. ಕಳ್ಳ ಹೊಸ ಯುಪಿಐ ಪಿನ್ ಹಾಕಿಕೊಂಡ. ಮೂವತ್ತೆಂಟು ಸಾವಿರದಷ್ಟು ಹೋಯಿತು. ನಾನು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದು ಮರುದಿನ. ವಾಪಸು ಬಂದದ್ದು ಆರೇಳು ಸಾವಿರ ಮಾತ್ರ.

ಆಮೇಲೆ ಎರಡನೇ ಖಾತೆ ತೆರೆದು ದುಡ್ಡೆಲ್ಲ ಅಲ್ಲಿಗೆ ಸಾಗಿಸಿದೆ. ಆದರೆ ಎರಡಕ್ಕೂ ಒಂದೇ ಮೊಬೈಲ್ ನಂಬರ್ ಕೊಟ್ಟಿದ್ದೆ. ಆ್ಯಪ್‌ನಲ್ಲಿ ಬ್ಯಾಂಕಿನ ಹೆಸರು ಒತ್ತಿದರೆ ಸಾಕು, ಆ ನಂಬರಿನ ಖಾತೆ ಎದುರಿಗೆ ಬಂದು ನಿಲ್ಲುತ್ತದೆ! ಇದು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು. ಈಗ ಆ ಎರಡನೇ, ದೊಡ್ಡ ಖಾತೆಗೆ ಬೇರೆ ನಂಬರ್ ಕೊಟ್ಟಿದ್ದೇನೆ; ಅದರ ಸಿಮ್ ಮನೆಯ ಕೀಪ್ಯಾಡ್ ಫೋನಿನಲ್ಲಿದೆ. ಫೋನಿಗೆ ಸಾವಿರದ ಇನ್ನೂರು, ರೀಚಾರ್ಜಿಗೆ ವರ್ಷಕ್ಕೆ ಎರಡು ಸಾವಿರದ ಆಸುಪಾಸು. ಅಂಗಡಿ ಖಾತೆಯ ಹಣ ದಿನವೂ ದೊಡ್ಡ ಖಾತೆಗೆ ಹೋಗುತ್ತದೆ. ಎಷ್ಟು ಗಂಟೆಗೆ ಕಳುಹಿಸುತ್ತೇನೆ, ಎಷ್ಟು ಉಳಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ.

ನನ್ನನ್ನು ಹೆಚ್ಚು ಕಾಡಿಸಿದ್ದು ಸಿಮ್ ಪಿನ್, ಅಂದರೆ ಸಿಮ್ಮಿಗೇ ಹಾಕುವ ಬೀಗ. ಪರದೆಗೆ ಎಂಥ ಬೀಗವಿದ್ದರೂ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿ ಅಲ್ಲಿಗೆ ಬರುತ್ತದೆ. ಅದಕ್ಕೇ ಈ ಬೀಗ ಹಾಕಲು ಹೋದೆ. ಸಿಮ್ಮಿನ ಜೊತೆ ಬಂದ ಮೂಲ ಪಿನ್ ತಿಳಿಯದೆ ಮೂರು ಬಾರಿ ತಪ್ಪು ಒತ್ತಿದೆ, ಪಿಯುಕೆ (ಲಾಕ್ ಆದ ಸಿಮ್ ತೆರೆಯುವ ಕೋಡ್) ಕೇಳಿತು. ಅದನ್ನೂ ಊಹಿಸಲು ಹೋಗಿ ಸಿಮ್ಮನ್ನೇ ಕಳೆದುಕೊಂಡೆ. ಹೊಸ ಸಿಮ್ ತಂದರೆ 24 ಗಂಟೆ ಎಸ್‌ಎಂಎಸ್ ಇಲ್ಲ. ಹಣ ಜಮೆಯಾಯಿತೇ ಎಂದು ನೋಡಲಾಗದೆ, ಆಯುಧಪೂಜೆಯ ಹಿಂದಿನ ದಿನ ನಗದು ಮಾತ್ರ ತೆಗೆದುಕೊಂಡೆ. ನಾಲ್ಕೈದು ಸಾವಿರದ ವ್ಯಾಪಾರ ತಪ್ಪಿತು. ಈಗ ಪಿಯುಕೆಯನ್ನು ಮೊದಲೇ ಕೇಳಿ ಬರೆದಿಟ್ಟುಕೊಂಡಿದ್ದೇನೆ.

ನಡುವೆ, ಪಿನ್ ಇಲ್ಲದೆ ಸಣ್ಣ ಮೊತ್ತ ಕೊಡುವ ಯುಪಿಐ ಲೈಟ್ ಕೂಡ ಪರೀಕ್ಷಿಸಿದೆ. ಚಹಾ, ಆಟೊ ಬಾಡಿಗೆಗೆ ನಾಲ್ಕು ಜನರ ಮುಂದೆ ಪಿನ್ ಒತ್ತುವುದು ತಪ್ಪಿತು. 5,000 ರೂಪಾಯಿವರೆಗೆ ಇಡಬಹುದು. ಆದರೆ ಪಿನ್ ಇಲ್ಲದ ಹಣ, ತೆರೆದ ಫೋನ್ ಹಿಡಿದವನ ಹಣ. ನಾನು ಐನೂರು ದಾಟಿಸುವುದಿಲ್ಲ.

ಈ ಸಲ ಹಮಾಲರೊಬ್ಬರ ಫೋನಿನಿಂದ ಇಪ್ಪತ್ತು ನಿಮಿಷದಲ್ಲಿ ಸಿಮ್ ಮತ್ತು ಯುಪಿಐ ಎರಡನ್ನೂ ನಿಲ್ಲಿಸಿದೆ. ಠಾಣೆಗೆ ದೂರು ಕೊಟ್ಟು, ಬಿಲ್ಲಿನಲ್ಲಿದ್ದ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಹಾಕಿ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನನ್ನೂ ಬ್ಲಾಕ್ ಮಾಡಿಸಿದೆ. ಫೋನ್ ಇನ್ನೂ ಸಿಕ್ಕಿಲ್ಲ.