ಮಾತಿನ ನಡುವಿನ ತಡವನ್ನು ಅಳೆಯುವ ಬಗೆ

ಕೋಲಾರದ ಸುತ್ತಲ ಹಳ್ಳಿಗಳ ಮಾತುಕತೆಯನ್ನು ರೆಕಾರ್ಡ್ ಮಾಡಿ ಬರೆದಿಡುವಾಗ ನಾನು ನೆಚ್ಚುವ ನಿಯಮ ಒಂದೇ: ಒಬ್ಬರ ಮಾತನ್ನು ಎದುರಿಗಿದ್ದವರು ಹೇಗೆ ತಗೊಂಡರು ಅಂತ ನೋಡಬೇಕು. ‘ನೀವು ಹೇಳಿದ್ದರ ಅರ್ಥ ಏನು?’ ಎಂದು ಆಡಿದವರನ್ನೇ ಕೇಳಿದರೆ ತಿದ್ದಿ ತೀಡಿದ ಉತ್ತರ ಸಿಗುತ್ತದೆ.

ಈ ತುಣುಕು ನೋಡಿ:

ಕಿರಿಯ: ನಾಳೆ ಟಮೋಟ ಕೀಳಕ್ಕೆ ಇಬ್ರು ಆಳು ಕಳಿಸ್ತೀಯೇನಣ್ಣ?
(0.7)
ಹಿರಿಯ: ನಾಳೇನಾ... ನೋಡಣ ತಾಳು.
ಕಿರಿಯ: ಇರ್ಲಿ ಬಿಡಣ್ಣ, ಬೇರೆ ಕಡೆ ಕೇಳ್ತೀನಿ.

ಆಗಲ್ಲ ಅಂತ ಯಾರೂ ಅಂದಿಲ್ಲ. ಆದರೂ ಕಿರಿಯನಿಗೆ ಅದು ಕೇಳಿಸಿದೆ. ಮೂರನೇ ಸಾಲೇ ಅದಕ್ಕೆ ಸಾಕ್ಷಿ. ಸುಳಿವು ಸಿಕ್ಕಿದ್ದು ಆ 0.7 ಸೆಕೆಂಡಿನ ತಡದಲ್ಲಿ, ಆಮೇಲೆ ‘ನಾಳೇನಾ’ ಎಂದು ಪ್ರಶ್ನೆಯನ್ನೇ ತಿರುಗಿಸಿದ್ದರಲ್ಲಿ. ಒಪ್ಪಿಗೆಯಾದರೆ ಸಾಮಾನ್ಯವಾಗಿ ಪ್ರಶ್ನೆ ಮುಗಿಯುತ್ತಲೇ ‘ಹೂಂ ಕಳಿಸ್ತೀನಿ’ ಬಂದುಬಿಡುತ್ತದೆ. ಹೀಗೆ ತಡವನ್ನು ಸೆಕೆಂಡಿನ ಹತ್ತನೇ ಭಾಗದಲ್ಲಿ ಆವರಣದೊಳಗೆ ಬರೆಯುವ ಪದ್ಧತಿ ಮಾತುಕತೆಯ ಅಧ್ಯಯನ ಮಾಡಿದ ಗೇಲ್ ಜೆಫರ್ಸನ್ ರೂಪಿಸಿದ್ದು. ಅದೇ ಕ್ಷೇತ್ರದ ಸ್ಯಾಕ್ಸ್, ಶೆಗ್ಲಾಫ್ ಜೊತೆ ಅವರು 1974ರಲ್ಲಿ ಪ್ರಕಟಿಸಿದ ಲೇಖನ ಮಾತಿನ ಸರದಿ ಹೇಗೆ ಕೈ ಬದಲಾಗುತ್ತದೆ ಎಂಬುದನ್ನೇ ಕುರಿತದ್ದು.

ರೆಕಾರ್ಡಿಂಗಿಗೆ ಮೊದಲೇ ಎಲ್ಲರ ಒಪ್ಪಿಗೆ ಬೇಕು. ಫೋನನ್ನು ಮಡಿಸಿದ ಟವೆಲ್ ಮೇಲೆ, ಮಾತಾಡುವವರಿಂದ ಒಂದು ಮೊಳದಷ್ಟು ದೂರ ಇಡುತ್ತೇನೆ. ಬರೀ ಕಲ್ಲಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೇ ಮಾತನ್ನು ನುಂಗುತ್ತದೆ. ಫೋನಿನಲ್ಲಿ ನಾನಿಡುವ ರೆಕಾರ್ಡಿಂಗ್ ಸೆಟ್ಟಿಂಗ್ ವೇವ್ ಫೈಲ್, 44.1 ಕಿಲೋಹರ್ಟ್ಸ್, 16 ಬಿಟ್, ಮೋನೊ: ನಿಮಿಷಕ್ಕೆ ಸುಮಾರು 5 ಎಂಬಿ. ಶುರುವಿನ ಹತ್ತು ನಿಮಿಷ ಫೋನಿನ ಮೇಲೇ ಜನರ ಗಮನ ಇರುತ್ತದೆ, ಅದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಅಳೆಯುವುದು ಪ್ರಾಟ್ ಎಂಬ ಧ್ವನಿ ವಿಶ್ಲೇಷಣೆಯ ತಂತ್ರಾಂಶದಲ್ಲಿ. ಅಲೆಯ ಚಿತ್ರ ದೊಡ್ಡದು ಮಾಡಿ, ಒಬ್ಬರ ದನಿ ನಿಂತ ಕಡೆಯಿಂದ ಇನ್ನೊಬ್ಬರದು ಶುರುವಾಗುವವರೆಗೆ ಗುರುತಿಸಿದರೆ ಸಮಯ ಕಾಣುತ್ತದೆ. ಒಂದು ನಿಮಿಷದ ಮಾತಿಗೆ ಒಂದು ಗಂಟೆಯೇ ಹಿಡಿಯಬಹುದು. ‘ಮಾಡ್ತವ್ನೆ’ ಅಂದಿದ್ದರೆ ‘ಮಾಡ್ತವ್ನೆ’ ಅಂತಲೇ ಬರೆಯಬೇಕು. ಕೈ ತನ್ನಷ್ಟಕ್ಕೇ ‘ಮಾಡುತ್ತಿದ್ದಾನೆ’ ಎಂದು ತಿದ್ದುತ್ತದೆ, ಹಾಗಾಗಿ ಇನ್ನೊಬ್ಬರು ಅದೇ ಧ್ವನಿ ಕೇಳುತ್ತಾ ಬರಹ ಓದಲೇಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮಾತಿನ ಮಧ್ಯೆ ತೆಲುಗಿಗೆ ಹೊರಳುವವರಿದ್ದಾರೆ. ಅದನ್ನೂ ಕನ್ನಡ ಲಿಪಿಯಲ್ಲೇ ಬರೆದು ಕೆಳಗೆ ಗೆರೆ ಎಳೆಯುತ್ತೇನೆ, ಹೊರಳಿದ್ದು ಸರಿಯಾಗಿ ಎಲ್ಲಿ ಅಂತ ಗೊತ್ತಾಗಲಿ ಎಂದು.

ಎಲ್ಲ ತಡವೂ ನಿರಾಕರಣೆಯಲ್ಲ, ಇಲ್ಲೇ ಹೊಸಬರು ದಾರಿ ತಪ್ಪುವುದು. ಬಾಯಲ್ಲಿ ಎಲೆಯಡಿಕೆ ಇದ್ದರೂ ಉತ್ತರ ತಡವಾಗುತ್ತದೆ. ಫೋನ್ ಕರೆಯಲ್ಲಿ ನೆಟ್‌ವರ್ಕಿನ ತಡವೂ ಸೇರಿಕೊಳ್ಳುವುದರಿಂದ ಅದನ್ನು ಅಳೆಯಲೇಬಾರದು. ಒಂದು ತುಣುಕಿನಿಂದ ಏನನ್ನೂ ಹೇಳಲಾಗದು. ಆಳು, ಸಾಲ, ಗಾಡಿ ಕೇಳಿದ ಇಪ್ಪತ್ತು ತುಣುಕುಗಳನ್ನಾದರೂ ಒಟ್ಟು ಹಾಕಿ, ಒಪ್ಪಿದ್ದು ಒಂದು ಕಡೆ, ಜಾರಿಕೊಂಡದ್ದು ಇನ್ನೊಂದು ಕಡೆ ಇಡಿ. ತಡವಾಗಿಯೂ ಒಪ್ಪಿದವು ಸಿಕ್ಕರೆ ಅವನ್ನೇ ಮೊದಲು ಮತ್ತೆ ಕೇಳಿ.