ಹಳೆ ಶೆವಿ ವಿ8ಗೆ ಟೈಮಿಂಗ್ ಇಡೋ ಮುಂಚೆ ಟಿಡಿಸಿ ಖಾತ್ರಿ ಮಾಡ್ಕೊಳ್ಳಿ
ಹಳೆ ಸ್ಮಾಲ್ ಬ್ಲಾಕ್ ಶೆವಿಯ (ಶೆವ್ರೊಲೆ ವಿ8 ಎಂಜಿನ್) ಬ್ಯಾಲೆನ್ಸರ್ (ಕ್ರ್ಯಾಂಕ್ ಮುಂತುದಿಯ ಚಕ್ರ) ಮೇಲಿರೋ ಗೆರೆ ನಂಬಬೇಡಿ, ಪಿಸ್ಟನ್ ಸ್ಟಾಪ್ (ಪ್ಲಗ್ ತೂತಿಗೆ ತಿರುಗಿಸಿ ಪಿಸ್ಟನ್ ತಡೆಯೋ ಬೋಲ್ಟು) ಹಾಕಿ ಟಿಡಿಸಿ, ಅಂದ್ರೆ ಪಿಸ್ಟನ್ ತೀರಾ ಮೇಲಿರೋ ಜಾಗ, ನೀವೇ ಗುರುತು ಮಾಡಿ. ಬ್ಯಾಟರಿ ಕಳಚಿ, ಪ್ಲಗ್ ಎಲ್ಲಾ ಬಿಚ್ಚಿ, ಒಂದನೇ ಸಿಲಿಂಡರ್‌ನ (ಕಾರಲ್ಲಿ ಕೂತು ನೋಡಿದರೆ ಎಡಗಡೆ ಮುಂದಿನದು) ರಾಕರ್ (ವಾಲ್ವ್ ಒತ್ತೋ ತೋಳು) ಸಡಿಲಿಸಿ. ಪಿಸ್ಟನ್ ಕೆಳಗಿದ್ದಾಗ 14 ಎಂಎಂ ಸ್ಟಾಪ್ ಕೂರಿಸಿ, ಕ್ರ್ಯಾಂಕನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ತಾಗಿದ ಕಡೆ ಎಂಜಿನ್ ಮೇಲಿನ ಟೈಮಿಂಗ್ ಪಾಯಿಂಟರ್ ಎದುರು ಬ್ಯಾಲೆನ್ಸರ್ ಮೇಲೆ ಗೆರೆ ಎಳೆಯಿರಿ. ವಾಪಸ್ ತಿರುಗಿಸಿ ತಾಗಿದಲ್ಲಿ ಇನ್ನೊಂದು. ಎರಡರ ನಟ್ಟನಡುವೆ ಇರೋದೇ ಟಿಡಿಸಿ. ಪಿಸ್ಟನ್ ಮೇಲ್ತುದಿಯಲ್ಲಿ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಅಲುಗಾಡೋದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಅದಕ್ಕೇ ಕಣ್ಣಂದಾಜು ಕೈಕೊಡುತ್ತೆ. ಎರಡೂ ಕಡೆ ಸಮದೂರ ಹಿಡಿದರೆ ಆ ತೊಂದರೆ ಇಲ್ಲ. 8 ಇಂಚಿನ ಬ್ಯಾಲೆನ್ಸರ್‌ನಲ್ಲಿ ಒಂದು ಡಿಗ್ರಿ ಅಂದ್ರೆ ಸುಮಾರು 1.8 ಎಂಎಂ, ಹಾಗಾಗಿ ದಪ್ಪ ಮಾರ್ಕರ್ ಬೇಡ. ಹಳೇ ಗೆರೆ ದೂರ ಸರಿದಿದ್ದರೆ ಒಳಗಿನ ರಬ್ಬರ್ ಹೋಗಿರಬಹುದು: ಹಾಗಿದ್ದರೆ ಹೊಸ ಗುರುತು ಹಾಕಿ ಓಡಿಸಬೇಡಿ, ಬ್ಯಾಲೆನ್ಸರನ್ನೇ ಬದಲಾಯಿಸಿ, ಡ್ರ್ಯಾಗ್ ರೇಸಿನ ಆರ್‌ಪಿಎಂನಲ್ಲಿ ಹೊರಬಳೆ ಕಿತ್ತು ಬರಬಹುದು. ಎತ್ತರದ ಡೋಮ್ (ತಲೆ ಉಬ್ಬಿದ) ಪಿಸ್ಟನ್ ಇದ್ದರೆ ಸ್ಟಾಪ್ ಇಳಿಜಾರಿನಲ್ಲಿ ಜಾರಿ ಅಳತೆ ತಪ್ಪಬಹುದು. ಅಲ್ಲಿ ಹೆಡ್ ಬಿಚ್ಚಿ ಡಯಲ್ ಗೇಜ್ ಇಡೋದೇ ಸರಿ. ಸ್ಟಾಪ್ ಕೂತಿರೋವಾಗ ಸ್ಟಾರ್ಟರ್ ಮಾತ್ರ ಮುಟ್ಟಬೇಡಿ, ಪಿಸ್ಟನ್ ತೂತಾಗಬಹುದು.